ಗಾಡಿ ನಮ್ಮದು, ಗೇರ್‌ಬಾಕ್ಸ್‌ನ ಕೀಲಿ ಯಾರದು?

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಒಂದೇ ದಿನದಲ್ಲಿ ಕೈಕೊಡುವುದು ಅಪರೂಪ. ತಿಂಗಳುಗಟ್ಟಲೆ ಮುಂಚೆಯಿಂದಲೇ ಸೂಚನೆ ಕೊಡ್ತಾ ಇರುತ್ತೆ. ಬೆಳಗ್ಗೆ ಲಿವರನ್ನು ‘ಡಿ’ಗೆ ಹಾಕಿದರೆ ಗಾಡಿ ಎರಡು ಸೆಕೆಂಡ್ ಸುಮ್ಮನಿದ್ದು ಆಮೇಲೆ ಧಡ್ ಅಂತ ಮುಂದಕ್ಕೆ ಹಾರುತ್ತೆ. ಏರು ಬಂದರೆ ಎಂಜಿನ್ ಕೂಗುತ್ತೆ, ಗಾಡಿ ಮಾತ್ರ ಏರಲ್ಲ. ರಸ್ತೆ ಚೆನ್ನಾಗಿದ್ದರೂ ಅರವತ್ತು ಎಪ್ಪತ್ತರ ವೇಗದಲ್ಲಿ ಒಂಥರಾ ನಡುಕ. ಕೊನೆಗೊಂದು ದಿನ ಮೂರನೇ ಗೇರಿಗೋ ನಾಲ್ಕಕ್ಕೋ ಕಚ್ಚಿಕೊಂಡು, ಏನು ಮಾಡಿದರೂ ಬದಲಾಗಲ್ಲ ಅನ್ನುತ್ತೆ. ಅದು ಹಟವಲ್ಲ. ಇನ್ನಷ್ಟು ಹಾಳಾಗಬಾರದು ಅಂತ ಗೇರ್‌ಬಾಕ್ಸಿನ ಕಂಪ್ಯೂಟರ್ ತಾನೇ ಹಾಕಿಕೊಳ್ಳುವ ಕಡಿವಾಣ.

ರಾಜಕೀಯ ಓದೋಕೆ ಬಂದವರಿಗೆ ಗೇರ್‌ಬಾಕ್ಸ್ ಕಥೆ ಯಾಕೆ? ಎನ್. ಬೇಗೂರಿನ ಕಡೆ ಹೋಗಿ ನೋಡಿ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಇದೇ ಊರಿನ ಹೆಸರಿದೆ. ಒಂದು ಕಡೆ ಕಾಡು, ಇನ್ನೊಂದು ಕಡೆ ಕಬಿನಿ ಹಿನ್ನೀರು. ದೊಡ್ಡ ಕಾಯಿಲೆ ಅಂದರೆ ಸರಗೂರು, ಕೋಟೆ, ಹ್ಯಾಂಡ್‌ಪೋಸ್ಟ್ ದಾಟಿ ಮೈಸೂರಿಗೇ ಹೋಗಬೇಕು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಟಿಕೆಟ್ ದುಡ್ಡು ಉಳಿಸಿತು, ನಿಜ. ಆದರೆ ಬಸ್ಸೇ ಇಲ್ಲದ ಹೊತ್ತಿಗೆ ಫ್ರೀ ಟಿಕೆಟ್ ಏನು ಮಾಡೀತು? ಆಗ ಬೇಕಾಗೋದು ಊರಿನ ಯಾರದ್ದೋ ಏಳು ಸೀಟಿನ ಹಳೇ ಗಾಡಿ. ಹೆರಿಗೆಗೆ, ತಿಥಿಗೆ, ರೆಸಾರ್ಟ್ ಪ್ರವಾಸಿಗರಿಗೆ, ಕೊಡಗಿನ ತೋಟದ ಕೂಲಿಗೆ ಹೊರಟವರಿಗೆ ಅದೇ ಗಾಡಿ.

ಈಗ ಈ ಗಾಡಿಗಳಲ್ಲಿ ಆಟೋಮ್ಯಾಟಿಕ್‌ಗಳೂ ಬರ್ತಾ ಇವೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ಲಕ್ಷ ಕಿಲೋಮೀಟರ್ ಓಡಿ ಸುಸ್ತಾದದ್ದು ಸೆಕೆಂಡ್ ಹ್ಯಾಂಡ್ ಆಗಿ ಕಡಿಮೆ ರೇಟಿಗೆ ನಮ್ಮ ಕಡೆಗೆ ಇಳಿಯುತ್ತೆ. ಕೊಳ್ಳುವಾಗ ಎಸಿ, ಟೈರು, ಬಾಡಿ ನೋಡ್ತೀವಿ. ಗೇರ್‌ಬಾಕ್ಸ್ ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿತು ಅನ್ನೋದಕ್ಕೆ ಮಾರುವವನ ಹತ್ತಿರವೂ ಉತ್ತರ ಇರಲ್ಲ.

ಮೊದಲು ತಿಳಿಯಬೇಕಾದ್ದು, ಎಲ್ಲ ಆಟೋಮ್ಯಾಟಿಕ್ಕೂ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿ ಜನಪ್ರಿಯವಾದ ಎಎಂಟಿ ಅಸಲಿಗೆ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಕಾಲು ಕೈ ಬದಲು ಒಂದು ಯಂತ್ರ ಮಾಡುತ್ತೆ, ಅಷ್ಟೇ. ಅದರಲ್ಲಿ ಕ್ಲಚ್ ಸವೆದರೆ ಕ್ಲಚ್ ಹಾಕಿಸಿದರೆ ಆಯ್ತು. ಇನ್ನೋವಾ ಕ್ರಿಸ್ಟಾ, ಎರ್ಟಿಗಾಗಳ ಆಟೋಮ್ಯಾಟಿಕ್ ಮಾದರಿಗಳಲ್ಲಿರುವ ಟಾರ್ಕ್ ಕನ್ವರ್ಟರ್ ಬೇರೆ ಜಾತಿ. ಎದುರುಬದುರು ಇಟ್ಟ ಎರಡು ಫ್ಯಾನ್ ನೆನೆಸಿಕೊಳ್ಳಿ. ಒಂದು ತಿರುಗಿದರೆ ಗಾಳಿಗೆ ಇನ್ನೊಂದೂ ತಿರುಗುತ್ತಲ್ವಾ? ಇಲ್ಲಿ ಗಾಳಿ ಬದಲು ಆಯಿಲ್. ಎಂಜಿನ್ನಿನ ಶಕ್ತಿಯನ್ನು ದಾಟಿಸೋದು, ಒಳಗಿನ ಕ್ಲಚ್ ಬಿಲ್ಲೆಗಳನ್ನು ಒತ್ತಿ ಹಿಡಿಯೋದು, ಜಾರಿಸೋದು, ತಣ್ಣಗಿಡೋದು, ಎಲ್ಲವೂ ಆ ಆಯಿಲ್ಲೇ.

ಹಾಗಾಗಿ ರೋಗ ಶುರುವಾಗೋದೂ ಸಾಮಾನ್ಯವಾಗಿ ಅಲ್ಲಿಂದಲೇ. ಹೊಸ ಆಯಿಲ್ ಬಹುತೇಕ ಕೆಂಪಗಿರುತ್ತೆ. ಬಿಸಿ ತಿಂದು ತಿಂದು ಕಂದಾಗುತ್ತೆ, ಕಪ್ಪಾಗುತ್ತೆ, ಸುಟ್ಟ ವಾಸನೆ ಬರುತ್ತೆ. ಬಿಲ್ಲೆಗಳಿಂದ ಸವೆದ ಪುಡಿ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಂಡು ಒತ್ತಡ ಇಳಿಯುತ್ತೆ, ಒತ್ತಡ ಇಳಿದರೆ ಬಿಲ್ಲೆ ಜಾರುತ್ತೆ, ಜಾರಿದರೆ ಇನ್ನಷ್ಟು ಬಿಸಿ. ‘ಲೈಫ್‌ಟೈಮ್ ಆಯಿಲ್, ಬದಲಿಸೋದೇ ಬೇಡ’ ಅಂತ ಕೆಲವು ಗಾಡಿಗಳ ಬಗ್ಗೆ ಹೇಳ್ತಾರೆ. ಯಾರ ಲೈಫು? ಮೊದಲ ಮಾಲೀಕ ಮಾರುವ ತನಕದ್ದಾ? ಧೂಳು, ಘಾಟಿ, ತುಂಬಿದ ಲೋಡು ಇದ್ದ ಕಡೆ ಬೇಗ ಬದಲಿಸಬೇಕು ಅಂತ ಎಷ್ಟೋ ಕೈಪಿಡಿಗಳಲ್ಲೇ ಇರುತ್ತೆ. ನಮ್ಮ ರಸ್ತೆಗಳಲ್ಲಿ ಇವು ಮೂರೂ ಇವೆ.

ಬದಲಿಸುವಾಗ ಆ ಗಾಡಿಗೆ ಹೇಳಿದ ಆಯಿಲ್ಲನ್ನೇ ಹಾಕಬೇಕು. ಸಿವಿಟಿಯದ್ದು ಇದಕ್ಕೆ, ಇದರದ್ದು ಅದಕ್ಕೆ ನಡೆಯಲ್ಲ. ಬೋಲ್ಟ್ ಬಿಚ್ಚಿ ಇಳಿಸಿದರೆ ಒಂದು ಪಾಲು ಮಾತ್ರ ಹೊರಗೆ ಬರುತ್ತೆ, ಉಳಿದದ್ದು ಕನ್ವರ್ಟರ್ ಒಳಗೇ ಇರುತ್ತೆ. ಹಾಗಾಗಿ ಹಳೇ ಗಾಡಿಗೆ ಸ್ವಲ್ಪ ಓಡಿಸಿ ಎರಡು ಮೂರು ಸಲ ಇಳಿಸಿ ತುಂಬಿಸೋದು ವಾಸಿ. ಮೆಷಿನ್ ಇಟ್ಟು ಒತ್ತಡದಲ್ಲಿ ತೊಳೆಯೋಣ ಅಂದರೆ ನಾನಂತೂ ಬೇಡ ಅಂತೀನಿ. ಕೂತಿದ್ದ ಕಸ ಎದ್ದು ಇನ್ನೆಲ್ಲೋ ಸಿಕ್ಕಿಕೊಳ್ಳುವ ಭಯ ಇದೆ. ಮತ್ತೆ, ಜಾರೋಕೆ ಶುರುವಾದ ಬಿಲ್ಲೆಗೆ ಹೊಸ ಆಯಿಲ್ ಮದ್ದಲ್ಲ.

ಇನ್ನೊಂದು ಮಾತು ನಮ್ಮ ಕಡೆಯವರಿಗೆ ಜೋರಾಗಿ ಹೇಳಬೇಕು. ಗಾಡಿ ನಿಂತರೆ ಹಗ್ಗ ಕಟ್ಟಿ ಟ್ರ್ಯಾಕ್ಟರಲ್ಲಿ ಎಳೆಯೋದು ನಮ್ಮ ರೂಢಿ. ಆಟೋಮ್ಯಾಟಿಕ್ಕನ್ನು ಹಾಗೆ ಎಳೀಬೇಡಿ. ಒಳಗಿನ ಆಯಿಲ್ ಪಂಪು ತಿರುಗೋದು ಎಂಜಿನ್ ಓಡುವಾಗ ಮಾತ್ರ. ಎಂಜಿನ್ ಆಫ್ ಆಗಿದ್ದು ಚಕ್ರ ತಿರುಗಿದರೆ ಒಳಗಿನ ಭಾಗಗಳು ಆಯಿಲ್ ಇಲ್ಲದೆ ಉಜ್ಜಿಕೊಳ್ಳುತ್ತವೆ. ಸಣ್ಣ ರಿಪೇರಿಯಲ್ಲಿ ಮುಗಿಯುತ್ತಿದ್ದದ್ದು ಅಲ್ಲಿಗೆ ದೊಡ್ಡದಾಗುತ್ತೆ. ಲಾರಿ ಮೇಲೆ ಹತ್ತಿಸಿ, ಇಲ್ಲವೇ ಓಡಿಸುವ ಚಕ್ರಗಳನ್ನು ನೆಲದಿಂದ ಎತ್ತಿ ಎಳೆಸಿ. ನಾಗರಹೊಳೆ ಒಳಗಿನ ಮಾನಂದವಾಡಿ ರಸ್ತೆ ಸಂಜೆ ಆರಕ್ಕೆ ಬಂದ್ ಆಗುತ್ತೆ. ಆ ಹೊತ್ತಲ್ಲಿ ಕಾಡಿನ ನಡುವೆ ನಿಂತ ಗಾಡಿಯವರಿಗೆ ಈ ಬುದ್ಧಿಮಾತು ಕೇಳುವ ತಾಳ್ಮೆ ಇರಲ್ಲ ಅನ್ನೋದೂ ಗೊತ್ತು.

ಈಗ ಬೀಗದ ವಿಷಯ. ನಮ್ಮೂರ ಕಡೆಯ ಚಾಲಕರೊಬ್ಬರ ಗಾಡಿ ಹೀಗೇ ಮೂರನೇ ಗೇರಿಗೆ ಕಚ್ಚಿಕೊಂಡಾಗ ಜೊತೆಗೆ ನಾನೂ ಹೋಗಿದ್ದೆ. ಕೋಟೆಯ ಮೆಕ್ಯಾನಿಕ್ ತನ್ನ ಸಣ್ಣ ಸ್ಕ್ಯಾನರ್ ಚುಚ್ಚಿದ. ಬಂದದ್ದು ಪಿ0700 ಅನ್ನುವ ಒಂದೇ ಕೋಡು. ‘ಗೇರ್‌ಬಾಕ್ಸಿನ ಕಂಪ್ಯೂಟರ್‌ನಲ್ಲಿ ಏನೋ ದೂರು ದಾಖಲಾಗಿದೆ, ಅಲ್ಲಿ ವಿಚಾರಿಸಿ’ ಅಂತ ಅದರ ಅರ್ಥ. ಒಳಗಿನ ದೂರು ಓದೋಕೆ, ಸೊಲೆನಾಯ್ಡ್ ವಾಲ್ವ್‌ಗಳನ್ನು ಒಂದೊಂದಾಗಿ ಆಡಿಸಿ ನೋಡೋಕೆ, ಹೊಸ ಭಾಗ ಹಾಕಿದ ಮೇಲೆ ಕಂಪ್ಯೂಟರ್‌ಗೆ ಪರಿಚಯ ಮಾಡಿಸೋಕೆ ಅವನ ಸ್ಕ್ಯಾನರ್ ಸಾಲದು. ‘ಕೈ ಕೆಲಸ ಬರುತ್ತೆ ಕಣಣ್ಣ, ಒಳಗೆ ಬಿಡಬೇಕಲ್ಲ’ ಅಂದ. ಮೈಸೂರಿನ ಒಂದು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹತ್ತು ನಿಮಿಷಕ್ಕೆ ತೀರ್ಪು ಬಂತು: ‘ಅಸೆಂಬ್ಲಿನೇ ಬದಲಾಯಿಸ್ಬೇಕು ಸಾರ್.’ ಹೇಳಿದ ಮೊತ್ತ ಆ ಗಾಡಿಯ ಬೆಲೆಗೆ ಹತ್ತಿರ ಇತ್ತು. ಯಾವ ಭಾಗ ಹೋಗಿದೆ ಅಂದರೆ, ‘ಬಿಚ್ಚಿ ನೋಡೋ ಪದ್ಧತಿ ಇಲ್ಲ’ ಅಂದರು.

ಈ ಜಗಳ ಹೊಸದೇನಲ್ಲ. ಶಂಶೇರ್ ಕಟಾರಿಯಾ ಎಂಬುವರ ದೂರಿನಿಂದ ಶುರುವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ರಿಪೇರಿ ಕೈಪಿಡಿ, ಪರೀಕ್ಷಾ ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದೇ ಕಾರಣ. ಇವೆಲ್ಲ ಅವರಿಗೂ ಸಿಗುವಂತೆ ಮಾಡಿ ಅಂತ ಆದೇಶವೂ ಆಯಿತು. ಕಂಪನಿಗಳು ಮೇಲ್ಮನವಿ, ಹೈಕೋರ್ಟು ಅಂತ ಅಲೆಸಿದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಕುರಿತು ಸಮಿತಿ ಮಾಡಿ, ವಾಹನವನ್ನೂ ಅದರ ಪಟ್ಟಿಗೆ ಸೇರಿಸಿತು. ಒಂದು ಪೋರ್ಟಲ್ ಬಂತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2012ರಲ್ಲೇ ಜನ ವೋಟು ಹಾಕಿ ವಾಹನ ರಿಪೇರಿಯನ್ನು ಕಾನೂನಿನ ಹಕ್ಕಾಗಿಸಿಕೊಂಡರು; ನಮ್ಮಲ್ಲಿ ಅಂಥ ಕಾಯಿದೆ ಬಂದಿಲ್ಲ.

ಅದೇ ಹೊತ್ತಿಗೆ ಹಳೇ ಗಾಡಿ ಇಟ್ಟುಕೊಳ್ಳೋದು ದುಬಾರಿ ಆಯ್ತು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಂದ 5,000ಕ್ಕೆ ಏರಿತು. ಹೊಗೆ ಕಡಿಮೆ ಆಗಬೇಕು, ಒಪ್ಪೋಣ. ಆದರೆ ಹಳೇ ಗಾಡಿಗೆ ದಂಡ ಹಾಕುವ ಸರ್ಕಾರ, ಅದನ್ನು ರಿಪೇರಿ ಮಾಡೋಕೆ ಬಿಡದವರನ್ನೂ ಅಷ್ಟೇ ಬಿಗಿಯಾಗಿ ಹಿಡೀಬೇಕಲ್ವಾ?

ಆ ಚಾಲಕರು ಕೊನೆಗೆ ಬೆಂಗಳೂರಿನಲ್ಲಿ ಗೇರ್‌ಬಾಕ್ಸ್ ಮಾತ್ರ ಬಿಚ್ಚುವ ಒಂದು ವರ್ಕ್‌ಶಾಪ್ ಹುಡುಕಿದರು. ಹೋಗಿದ್ದದ್ದು ವಾಲ್ವ್ ಬಾಡಿ ಮತ್ತು ಒಂದು ಕಟ್ಟು ಬಿಲ್ಲೆ. ಖರ್ಚು ಮೊದಲು ಕೇಳಿದ್ದರ ಅರ್ಧಕ್ಕಿಂತ ಕಡಿಮೆ. ಆದರೆ ಮೂರು ವಾರ ದುಡಿಮೆ ಇಲ್ಲ. ಗುಜರಿಯಿಂದ ತಂದ ಗೇರ್‌ಬಾಕ್ಸ್ ಇನ್ನೂ ಅಗ್ಗಕ್ಕೆ ಸಿಗ್ತಿತ್ತು; ಅದರ ಹಿಂದಿನ ಕಥೆ ಯಾರಿಗೂ ಗೊತ್ತಿಲ್ಲ ಅಂತ ಬಿಟ್ಟರು.

ನಿಮಗೂ ‘ಅಸೆಂಬ್ಲಿ ಬದಲಿಸಿ’ ಅಂದರೆ, ಯಾವ ಕೋಡು ಬಂದಿದೆ, ಯಾವ ಭಾಗ ಹೋಗಿದೆ ಅಂತ ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಬಿಚ್ಚಿದ ಹಳೇ ಭಾಗ ವಾಪಸ್ ಕೇಳಿ. ಬರೆದು ಕೊಡಲ್ಲ ಅಂದರೆ 1915ಕ್ಕೆ ಫೋನ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಬೇಗೂರಿನವರು ಬೆಂಗಳೂರಿಗೆ ಅಲೆಯಬೇಕಿಲ್ಲ, ಮೈಸೂರಿನ ಜಿಲ್ಲಾ ಆಯೋಗ ಸಾಕು. ಟ್ಯಾಕ್ಸಿ ಓಡಿಸುವವರು ‘ವಾಣಿಜ್ಯ ಬಳಕೆ, ನೀವು ಗ್ರಾಹಕರೇ ಅಲ್ಲ’ ಅನ್ನುವ ಮಾತಿಗೆ ಹೆದರಬೇಡಿ. ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ವಸ್ತುವನ್ನು ಅದೇ ಕಾಯಿದೆ ವಾಣಿಜ್ಯದ ಲೆಕ್ಕದಿಂದ ಹೊರಗಿಟ್ಟಿದೆ. ದೂರಿಗೆ ಎರಡು ವರ್ಷದ ಗಡುವು.