ಮೂವತ್ತೆರಡು ಘನ ಮೀಟರ್ ಮಣ್ಣಿನ ಲೆಕ್ಕ

ಒಂದು ಎಕರೆ ರೊಬಸ್ಟಾ ಹಾಕಲು ಎಷ್ಟು ಮಣ್ಣು ಎತ್ತಬೇಕು? ಗಿಡದಿಂದ ಗಿಡಕ್ಕೆ ಹತ್ತಡಿ ಬಿಟ್ಟರೆ ಎಕರೆಗೆ 435 ಗುಂಡಿ. ಉದ್ದ, ಅಗಲ, ಆಳ ಮೂರೂ ಒಂದೂವರೆ ಅಡಿ, ಅಂದರೆ 45 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಟ್ಟು ಹತ್ತಿರ ಹತ್ತಿರ 40 ಘನ ಮೀಟರ್. ಆರಡಿ ಅಂತರದಲ್ಲಿ ಅರೇಬಿಕಾ ಹಾಕುವವರಿಗೆ 1,210 ಗುಂಡಿ, 110 ಘನ ಮೀಟರ್. ಇದರ ಮೇಲೆ ನೀರಿಂಗಿಸುವ ತೊಟ್ಟಿಲು ಗುಂಡಿ, ಬೇಲಿಯ ಅಗಳು, ಕಾಫಿ ಒಣಗಿಸುವ ಕಣ, ಜೀಪು ಹೋಗುವ ದಾರಿ.

ಇದರ ಪಕ್ಕದಲ್ಲಿ ಪುರಾತತ್ತ್ವದವರ ಒಂದು ಗುಂಡಿಯನ್ನು ಇಡೋಣ. ಐದು ಮೀಟರ್ ಚೌಕ ಗುರುತು ಹಾಕಿ, ನಾಲ್ಕೂ ಕಡೆ ಅರ್ಧ ಮೀಟರ್ ಬದು ಬಿಟ್ಟರೆ ಅಗೆಯಲು ಉಳಿಯುವುದು ನಾಲ್ಕು ಮೀಟರ್ ಚೌಕ. ಎರಡು ಮೀಟರ್ ಆಳಕ್ಕೆ ಇಳಿದರೆ 32 ಘನ ಮೀಟರ್. ಒಂದು ಎಕರೆ ರೊಬಸ್ಟಾ ಗುಂಡಿಗಳಿಗಿಂತ ಎಂಟು ಘನ ಮೀಟರ್ ಕಡಿಮೆ! ತೋಟದ ಗುಂಡಿಯಿಂದ ಎದ್ದ ಮಣ್ಣಿಗೆ ಯಾವ ಲೆಕ್ಕವೂ ಇರುವುದಿಲ್ಲ. ಈ ಗುಂಡಿಯದ್ದಕ್ಕೆ ಪ್ರತಿ ಬಾಂಡ್ಲಿಗೂ ಒಂದು ಚೀಟಿ ಇರಬೇಕು. ವ್ಯತ್ಯಾಸ ಅಷ್ಟೇ, ಆದರೆ ಖರ್ಚೆಲ್ಲ ಆ ಚೀಟಿಯಲ್ಲೇ ಇದೆ.

ಇದನ್ನು ಚಿಕ್ಕಮಗಳೂರು ಸೀಮೆಗೆ ಹಚ್ಚಿ ಹೇಳುವುದಕ್ಕೆ ಕಾರಣ ಅಂಗಡಿ. ಮೂಡಿಗೆರೆ ತಾಲೂಕಿನ ಈ ಊರೇ ಹಳೆಯ ಸೊಸೆವೂರು, ಹೊಯ್ಸಳರ ಮೊದಲ ನೆಲೆ. ವಾಸಂತಿಕಾ ದೇವಿಯ ಗುಡಿ, ಹನ್ನೊಂದನೆಯ ಶತಮಾನಕ್ಕೆ ಹೋಗುವ ಜೈನ ಬಸದಿಗಳು, ಕುಸಿದ ಶಿವ-ಕೇಶವ ಗುಡಿಗಳು, ಎಲ್ಲವೂ ಕಾಫಿ ತೋಟಗಳ ನಡುವೆ. ಜಿಲ್ಲೆಗೆ ಕಡೂರು ಎಂದು ಹೆಸರಿದ್ದ ಕಾಲದಲ್ಲಿ, 1901ರಲ್ಲಿ, ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟದಲ್ಲಿ ಇಲ್ಲಿನ ಶಾಸನಗಳನ್ನು ಅಚ್ಚು ಹಾಕಿಸಿದರು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಆ ವಂಶ ಹೊರಟ ಊರು ಆ ಪಟ್ಟಿಯಲ್ಲಿಲ್ಲ. ಕಲ್ಲಿನ ಮೇಲೆ ಬರೆದದ್ದನ್ನು ಓದಿಯಾಗಿದೆ. ಕಲ್ಲಿನ ಕೆಳಗಿನ ಮಣ್ಣನ್ನು ಒಂದು ದಿನ ಓದಬೇಕಾದರೆ ಎಷ್ಟು ಆಳು, ಎಷ್ಟು ಹಾಳೆ, ಎಷ್ಟು ದುಡ್ಡು ಬೇಕು ಎಂಬುದನ್ನು ಕೂತು ಲೆಕ್ಕ ಹಾಕಬಹುದು. ಕೆಳಗಿನದು ಯಾರ ಟೆಂಡರೂ ಅಲ್ಲ, ಅಳತೆಗಳನ್ನು ಮುಂದಿಟ್ಟುಕೊಂಡು ಮಾಡಿದ ಅಂದಾಜು.

ಮೊದಲು ಅಗೆತ. ಹಸಿ ಮಣ್ಣು ಘನ ಮೀಟರಿಗೆ 1.7 ಟನ್ ತೂಗುತ್ತದೆ ಎಂದರೆ 32 ಘನ ಮೀಟರಿಗೆ 54 ಟನ್ ಚಿಲ್ಲರೆ. ಬಾಂಡ್ಲಿಗೆ 15 ಕಿಲೋದಂತೆ 3,600 ಬಾಂಡ್ಲಿ ದಾಟುತ್ತದೆ. ಸಡಿಲವಾದ ಮಣ್ಣು ಕಾಲು ಭಾಗ ಉಬ್ಬುವುದರಿಂದ ಗುಡ್ಡೆ ಹಾಕಲು 40 ಘನ ಮೀಟರ್ ಜಾಗ ಬೇಕು. ಇಳಿಜಾರಿನ ತೋಟದಲ್ಲಿ ಅದೇ ಒಂದು ತಲೆನೋವು. ಕರಣೆ ಹಿಡಿದು ಪದರ ಬಿಡಿಸುವ ಕೆಲಸದಲ್ಲಿ ಒಬ್ಬ ಆಳಿಗೆ ದಿನಕ್ಕೆ ಅರ್ಧ ಘನ ಮೀಟರ್ ಹಿಡಿದರೆ 64 ಆಳು. ಉದ್ಯೋಗ ಖಾತರಿಯ 2025–26ರ ದರ ದಿನಕ್ಕೆ 370 ರೂಪಾಯಿ. ಅದರಂತೆ 23,680 ರೂಪಾಯಿ.

ಜೆಸಿಬಿ ಕರೆಸಿದರೆ? ಹಿಂದಿನ ಬಕೆಟ್ಟಿನಲ್ಲಿ ಕಾಲು ಘನ ಮೀಟರ್ ಹಿಡಿಯುತ್ತದೆ. 128 ಬಕೆಟ್. ಬಕೆಟ್ಟಿಗೆ ಅರ್ಧ ನಿಮಿಷದಂತೆ ಗಂಟೆಯ ಮೇಲೆ ನಾಲ್ಕು ನಿಮಿಷ. ತೋಟದಲ್ಲಿ ರಸ್ತೆ ಮಾಡುವಾಗ, ಕಣ ತಟ್ಟುವಾಗ ಆಗುವುದು ಇದೇ. ಒಂದು ಗಂಟೆಯಲ್ಲಿ ಸಾವಿರ ವರ್ಷ ಹೋಗುತ್ತದೆ ಎನ್ನುವುದು ಉತ್ಪ್ರೇಕ್ಷೆ ಅಲ್ಲ.

ಇನ್ನು ದಾಖಲೆಯ ಕಡೆ ಬರೋಣ. ಎರಡು ಮೀಟರ್ ಆಳದಲ್ಲಿ ಎಂಟು ಪದರ ಸಿಕ್ಕಿತು ಎನ್ನಿ. ಮಲೆನಾಡಿನಲ್ಲಿ ಮೇಲಿನದು ದರಗು ಕೊಳೆತ ಕಪ್ಪು ಮಣ್ಣು. ಅದರಡಿ ಹೆಂಚಿನ ಚೂರು ಬೆರೆತ ಮಣ್ಣು ಬಂದರೆ ಅಲ್ಲೇ ಒಂದು ಗಡಿಯಾರ ಸಿಕ್ಕಿದಂತೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅವರ ಮುದ್ರೆಯ ಒಂದು ಚೂರು ಕದಡದ ಪದರದೊಳಗೆ ಸಿಕ್ಕರೆ ಆ ಪದರ ಮತ್ತು ಅದರ ಮೇಲಿನದ್ದೆಲ್ಲ 1865ರ ಈಚಿನದು. ಇಲಿ ಬಿಲದಿಂದಲೋ ಮರದ ಬೇರಿನ ತೂತಿನಿಂದಲೋ ಅದೇ ಚೂರು ಕೆಳಗಿಳಿದಿದ್ದರೆ ಇಡೀ ಲೆಕ್ಕ ತಲೆಕೆಳಗು. ಚೂರನ್ನು ಚೀಲಕ್ಕೆ ಹಾಕುವ ಮೊದಲು ಅದು ಕೂತಿದ್ದ ಜಾಗವನ್ನು ನೋಡಬೇಕು. ಸುತ್ತಲಿನ ಮಣ್ಣಿಗಿಂತ ಮೆತ್ತಗೆ, ಬೇರೆ ಬಣ್ಣದಲ್ಲಿ, ದುಂಡಗೆ ಒಂದು ಕಲೆ ಕಂಡರೆ ಅದು ಬಿಲ; ಅದಕ್ಕೆ ಬೇರೆ ನಂಬರ್, ಬೇರೆ ಚೀಲ.

ಗೋಡೆಯ ಸೀಳುನೋಟ ಬರೆಯುವುದು ಹೀಗೆ. ಮಟ್ಟಕ್ಕೆ ದಾರ ಕಟ್ಟಿ, ಟೇಪು ಹಾಸಿ, 20 ಸೆಂಟಿಮೀಟರಿಗೊಮ್ಮೆ ತೂಗುಗುಂಡು ಇಳಿಬಿಟ್ಟು ಪ್ರತಿ ಪದರದ ಗೆರೆ ದಾರದಿಂದ ಎಷ್ಟು ಕೆಳಗಿದೆ ಎಂದು ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತಾರೆ. ನಾಲ್ಕು ಮೀಟರ್ ಗೋಡೆಗೆ 21 ಕಡೆ ಅಳತೆ. ಎಂಟು ಪದರಕ್ಕೆ ಮೇಲು, ತಳ ಸೇರಿ ಒಂಬತ್ತು ಗೆರೆ. ಗೋಡೆಗೆ 189 ಚುಕ್ಕಿ, ನಾಲ್ಕು ಗೋಡೆಗೆ 756. ಚುಕ್ಕಿಗೆ ಒಂದು ನಿಮಿಷದಂತೆ ಹನ್ನೆರಡೂವರೆ ಗಂಟೆ, ಇಬ್ಬರಿಗೆ ಎರಡು ದಿನ. ಪ್ರತಿ ಪದರದ ಮೇಲ್ನೋಟದ ನಕ್ಷೆಗೆ ಅರ್ಧ ದಿನದಂತೆ ಎಂಟಕ್ಕೆ ನಾಲ್ಕು ದಿನ. ಹತ್ತಕ್ಕೊಂದರ ಅಳತೆಯಲ್ಲಿ ಬರೆದರೆ ಇಡೀ ಗೋಡೆ 40 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಎತ್ತರದ ಹಾಳೆಯಲ್ಲಿ ಕೂರುತ್ತದೆ.

ಈ ಪದ್ಧತಿಯನ್ನು ನಮ್ಮ ನೆಲದಲ್ಲಿ ಗಟ್ಟಿಯಾಗಿ ಊರಿದವರು ಮಾರ್ಟಿಮರ್ ವೀಲರ್. 1947ರಲ್ಲಿ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆದರು. ಅವರಿಗಿಂತ ಮೊದಲೇ ಎರಡೂ ಕಡೆ ಮೈಸೂರಿನ ಎಂ.ಎಚ್. ಕೃಷ್ಣ ಅಗೆದಿದ್ದರು. ವೀಲರ್ ವರದಿ ಏನ್ಷಿಯಂಟ್ ಇಂಡಿಯಾದ ನಾಲ್ಕನೇ ಸಂಚಿಕೆಯಲ್ಲಿ, 1947–48ರಲ್ಲೇ ಬಂತು. ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ನಾಣ್ಯದ ಆಧಾರದಲ್ಲಿ ಅವರು ಬ್ರಹ್ಮಗಿರಿಯ ಬೃಹತ್ ಶಿಲಾಗೋರಿಗಳ ಕಾಲ ಕ್ರಿ.ಪೂ. 200ರ ಸುಮಾರಿಗೆ ಶುರುವಾಯಿತು ಎಂದರು. 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರಾ ದಂಡೆಯ ಹಳ್ಳೂರಿನಲ್ಲಿ ಅಗೆದು, ಇದ್ದಿಲಿನ ಇಂಗಾಲ-14 ಪರೀಕ್ಷೆ ಮಾಡಿಸಿದಾಗ ಕಬ್ಬಿಣದ ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ಎಂಟುನೂರು ವರ್ಷಗಳ ವ್ಯತ್ಯಾಸ. ವೀಲರ್ ಕೊಟ್ಟ ಇಸವಿ ಬಿತ್ತು. ಅವರು ಬರೆದಿಟ್ಟ ಪದರಗಳ ಸಾಲು ಬೀಳಲಿಲ್ಲ: ಕಲ್ಲುಕೊಡಲಿಯವರು, ಮೇಲೆ ಶಿಲಾಗೋರಿಯವರು, ಅವರ ಮೇಲೆ ಶಾತವಾಹನರ ಕಾಲದವರು. ಇವತ್ತಿಗೂ ಆ ನಕ್ಷೆಗಳನ್ನು ಬಿಡಿಸಿಟ್ಟುಕೊಂಡು ಕೆಲಸ ಮಾಡಬಹುದು. ದಾಖಲೆಗೆ ಸುರಿದ ದುಡ್ಡು ದಂಡ ಎನ್ನುವವರಿಗೆ ನಾನು ಕೊಡುವ ಉತ್ತರ ಇದೊಂದೇ.

ಗುಡಿ ಬಿದ್ದ ದಿಬ್ಬದಲ್ಲಿ ಮಣ್ಣಿಗಿಂತ ದೊಡ್ಡ ಬಾಬತ್ತು ಕಲ್ಲು. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಒಂದೇ ಗರ್ಭಗುಡಿಯ ಸಣ್ಣ ದೇಗುಲ ಎಂದುಕೊಳ್ಳಿ. ಗೋಡೆಯ ಸುತ್ತಳತೆ 24 ಮೀಟರ್, ಎತ್ತರ ಮೂರು ಮೀಟರ್. 40 ಸೆಂಟಿಮೀಟರಿನ ವರಸೆ, ಮೀಟರ್ ಉದ್ದದ ಕಲ್ಲು ಎಂದರೆ ಹೊರಮೈಗೆ 180 ಕಲ್ಲು. ಹೊಯ್ಸಳರ ಗೋಡೆಗೆ ಒಳಮೈ ಬೇರೆ, ಹೊರಮೈ ಬೇರೆ, ನಡುವೆ ತುಂಬುಗಲ್ಲು. ಹಾಗಾಗಿ ಒಟ್ಟು 360. ಅಧಿಷ್ಠಾನ, ಕಂಬ, ತೊಲೆ, ಶಿಖರ ಇದರಲ್ಲಿ ಸೇರಿಲ್ಲ. ಒಂದು ಕಲ್ಲು 0.12 ಘನ ಮೀಟರ್; ಬಳಪದ ಕಲ್ಲಿನ ತೂಕ ಘನ ಮೀಟರಿಗೆ 2.8 ಟನ್ ಆದ್ದರಿಂದ 336 ಕಿಲೋ. ಒಟ್ಟು 121 ಟನ್. ಹೆಗಲ ಮೇಲೆ ಹೊತ್ತು ಮುಗಿಸುವ ಕೆಲಸವಲ್ಲ, ಮುಕ್ಕಾಲಿ ಕಂಬ, ಚೈನ್ ಪುಲ್ಲಿ ಬೇಕು.

ಎತ್ತುವ ಮೊದಲು ಬಿದ್ದ ಹಾಗೇ ಬರೆಯಬೇಕು. ಯಾವ ಕಲ್ಲು ಯಾವುದರ ಮೇಲೆ, ಯಾವ ಮುಖ ಮೇಲೆ, ಯಾವ ದಿಕ್ಕಿಗೆ ವಾಲಿದೆ. ಹೊಯ್ಸಳ ಕಟ್ಟಡದಲ್ಲಿ ಗಾರೆ ಇಲ್ಲ, ಕಲ್ಲಿಗೆ ಕಲ್ಲು ಕಚ್ಚಿಕೊಂಡಿರುತ್ತದೆ. ಆದ್ದರಿಂದ ಬಿದ್ದ ಕ್ರಮ ಗೊತ್ತಿದ್ದರೆ ಕಟ್ಟಿದ ಕ್ರಮ ಹಿಡಿಯಬಹುದು. ಒಂದು ಕಲ್ಲಿನ ಕೊಕ್ಕೆ ಇನ್ನೊಂದರ ಕುಳಿಗೆ ಕೂರುತ್ತದೋ ಇಲ್ಲವೋ ಎಂಬುದು ಸುಳ್ಳು ಹೇಳುವುದಿಲ್ಲ. ನಂಬರ್, ಮೂರು ಅಳತೆ, ಆರು ಮುಖದ ಫೋಟೋ, ಕೆತ್ತನೆಯ ಕರಡು, ಸ್ಥಾನ. ಕಲ್ಲಿಗೆ ಇಬ್ಬರಿಗೆ ಅರ್ಧ ಗಂಟೆ. 360ಕ್ಕೆ 180 ಗಂಟೆ, ದಿನಕ್ಕೆ ಆರು ಗಂಟೆಯಂತೆ 30 ದಿನ. ಫೋಟೋ 2,160.

ಆರು ಮುಖ ಯಾಕೆ ಎಂದು ಕೇಳುವವರು ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಿ ನೋಡಬೇಕು. 1980ರ ದಶಕದಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದಾಗ, ಮೂರ್ತಿ ನಿಂತಿದ್ದ ಪೀಠದ ಕಲ್ಲೇ ಅಶೋಕನ ಶಾಸನ ಎಂದು ಹೊರಬಂತು. ಮೂರ್ತಿ ಕೂರಿಸಲು ನಡುವೆ ತೂತು ಕೊರೆದಿದ್ದರಿಂದ ಒಂದಷ್ಟು ಅಕ್ಷರ ಹೋಗಿದ್ದವು. ತಲೆಮಾರುಗಳು ಕೈಮುಗಿದ ಕಲ್ಲಿನಲ್ಲಿ ಇಂಥ ಬರಹ ಇದೆ ಎಂದು ಯಾರಿಗೂ ತಿಳಿದಿರಲಿಲ್ಲ.

ಈಗ ಕೂಡೋಣ. ಗೋಡೆ ಎರಡು ದಿನ, ನಕ್ಷೆ ನಾಲ್ಕು, ಕಲ್ಲು ಮೂವತ್ತು: 36 ದಿನ. ತಿಳಿದವರೊಬ್ಬರಿಗೆ ದಿನಕ್ಕೆ 1,000, ಸಹಾಯಕರಿಗೆ 370 ಎಂದಿಟ್ಟರೆ 49,320 ರೂಪಾಯಿ. ಅಗೆತದ 23,680ರ ಎರಡು ಪಟ್ಟಿಗೂ ಮೇಲೆ. ಮಡಕೆ ಚೂರು ತೊಳೆದು ಒಂದೊಂದಕ್ಕೂ ಮಸಿಯಲ್ಲಿ ನಂಬರ್ ಬರೆಯುವುದು, ಇದ್ದಿಲಿನ ಪರೀಕ್ಷೆ, ಟೋಟಲ್ ಸ್ಟೇಷನ್ ಬಾಡಿಗೆ ಇದರಲ್ಲಿ ಇಲ್ಲ. ಅಂದಾಜು ಪಟ್ಟಿಯಲ್ಲಿ ಅಗೆತಕ್ಕೆ ದೊಡ್ಡ ಮೊತ್ತ ಬರೆದು, ದಾಖಲೆಯನ್ನು ಇತರೆ ಖರ್ಚಿನ ಸಾಲಿಗೆ ತಳ್ಳಿದರೆ ಆ ಪಟ್ಟಿಗೆ ಸಹಿ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಫಿ ಸೀಮೆಯಲ್ಲಿ ಇನ್ನೆರಡು ಖರ್ಚು ಕೂಡುತ್ತವೆ. ಮಳೆ ಬಿಟ್ಟು ಮಣ್ಣು ಅಗೆಯಲು ಹದವಾಗುವ ಹೊತ್ತಿಗೆ ಅರೇಬಿಕಾ ಹಣ್ಣಾಗಿರುತ್ತದೆ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಕುಯ್ಲಿನ ಕಾಲದಲ್ಲಿ ಖಾತರಿ ಕೂಲಿಗೆ ಆಳು ಬರುವುದಿಲ್ಲ. ಮಾರ್ಚ್ ತನಕ ಕಾದರೆ ಹೂ ಮಳೆ. ತೋಟಕ್ಕೆ ಅದು ಚಿನ್ನ. ತೆರೆದ ಗುಂಡಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಇಂಚು ಬಿದ್ದರೆ 16 ಚದರ ಮೀಟರಿನ ಗುಂಡಿಯಲ್ಲಿ 400 ಲೀಟರ್. ಮುಂಗಾರಿನಲ್ಲಿ ಕಳಸ, ಕೊಟ್ಟಿಗೆಹಾರದ ಕಡೆ ಒಂದೇ ದಿನಕ್ಕೆ 100 ಮಿಲಿಮೀಟರ್ ಬಿದ್ದರೆ 1,600 ಲೀಟರ್. ಗೋಡೆ ನೆನೆದು ಕುಸಿದರೆ ಬರೆಯದೆ ಬಿಟ್ಟ ಪದರ ಮತ್ತೆ ಸಿಗದು. ತಗಡಿನ ಚಪ್ಪರ, ಸುತ್ತ ಬಸಿಗಾಲುವೆ ಮೊದಲ ದಿನವೇ ಆಗಬೇಕು. ಮೇ ಮುಗಿಯುವ ಮುನ್ನ ತಳಕ್ಕೆ 10 ಸೆಂಟಿಮೀಟರ್ ಮರಳು ಹಾಸಿ, 1.6 ಘನ ಮೀಟರ್ ಮರಳು ಸಾಕು, ತೆಗೆದ ಮಣ್ಣನ್ನೇ ತುಂಬಿ ಮುಚ್ಚಬೇಕು. ಮುಂದೆ ಇನ್ನೊಬ್ಬರು ತೆರೆದರೆ ಹಳೆಯ ಅಗೆತ ಎಲ್ಲಿಗೆ ನಿಂತಿತು ಎಂದು ಆ ಮರಳೇ ತೋರಿಸುತ್ತದೆ.

ಉಳಿದದ್ದು ವರದಿ. ಸನ್ನತಿ ಪಕ್ಕದ ಕನಗನಹಳ್ಳಿಯ ಸ್ತೂಪವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1990ರ ದಶಕದಲ್ಲಿ ಅಗೆಯಿತು. ಕೆ.ಪಿ. ಪೂಣಚ್ಚ ಬರೆದ ವರದಿ, ಇಲಾಖೆಯ 106ನೇ ಸ್ಮರಣಗ್ರಂಥ, 2011ರ ಇಸವಿ ಹೊತ್ತು ಬಂತು. ಅಷ್ಟು ವರ್ಷದ ನಂತರವೂ ಬರೆಯಲು ಆದದ್ದು ಸ್ಥಳದಲ್ಲೇ ಬರೆದಿಟ್ಟ ಹಾಳೆಗಳಿಂದ. ನಮ್ಮ ಅಂದಾಜಿನ ಸಣ್ಣ ಗುಂಡಿಗೇ ನಾಲ್ಕು ಗೋಡೆ, ಎಂಟು ನಕ್ಷೆ, 360 ಕಲ್ಲಿನ ಹಾಳೆ: 372. ಮಲೆನಾಡಿನ ಶೀತಕ್ಕೆ ಬೀರುವಿನ ಕಾಗದ ಒಂದೆರಡು ಮಳೆಗಾಲದಲ್ಲೇ ಬೂಸಲು ಹಿಡಿಯುತ್ತದೆ. ಸ್ಕ್ಯಾನ್ ಮಾಡಿಸಿ ಮೂರು ಪ್ರತಿ ತೆಗೆಸಿದರೆ 1,116 ಹಾಳೆ. ಒಂದು ಮೈಸೂರಿನ ರಾಜ್ಯ ಪುರಾತತ್ತ್ವ ಇಲಾಖೆಗೆ, ಒಂದು ಚಿಕ್ಕಮಗಳೂರಿಗೆ, ಇನ್ನೊಂದು ಆ ಊರಿನ ಗ್ರಾಮ ಪಂಚಾಯಿತಿಗೆ.