ಹಳೆಯ ಮೋಟಾರು ಸೈಕಲ್ಲು: ಕೊಳ್ಳುವುದು, ಕಾಪಾಡುವುದು, ದೂರ ಹೋಗುವುದು

ತೆಂಗಳಿಯಂಥ ಊರಿನ ಬೇವಿನ ಮರದ ಕೆಳಗೋ, ದನದ ಕೊಟ್ಟಿಗೆಯ ಮೂಲೆಯಲ್ಲೋ ಗೋಣಿತಟ್ಟು ಹೊದ್ದು ನಿಂತಿರುವ ಹಳೆಯ ಮೋಟಾರು ಸೈಕಲ್ಲನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಮೈತುಂಬ ಧೂಳು, ಚಕ್ರಗಳಲ್ಲಿ ಗಾಳಿಯಿಲ್ಲ. ಆದರೂ ಮೊಟ್ಟೆಯಾಕಾರದ ಎಂಜಿನ್ನನ್ನೂ ಎರಡು ಹೊಗೆಕೊಳವೆಗಳನ್ನೂ ಕಂಡೊಡನೆ ಬಲ್ಲವರು ‘ಇದು ಯೆಜ್ಡಿ’ ಎನ್ನುತ್ತಾರೆ. ಕಾಲೇಜು ತರುಣನ ಮನಸ್ಸಿನಲ್ಲಿ ಆಗಲೇ ಹಂಪಿಯ ದಾರಿ, ಬಾದಾಮಿಯ ದಾರಿ ತೆರೆದುಕೊಳ್ಳುತ್ತವೆ. ಕೈಯಲ್ಲಿರುವ ಹಣ ಅಲ್ಪ. ಕೆಟ್ಟು ನಿಂತ ಯಂತ್ರದ ಬೆಲೆಯೂ ಅಲ್ಪ. ಅದನ್ನು ಕೊಳ್ಳಬಹುದೇ? ಕೊಂಡರೆ ದೂರದ ಪ್ರಯಾಣಕ್ಕೆ ನಂಬಬಹುದೇ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ಯಂತ್ರದ ಪೂರ್ವಚರಿತ್ರೆ

ಯೆಜ್ಡಿ ನಮ್ಮ ನಾಡಿನದೇ ಯಂತ್ರ. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಸಹಕಾರದಿಂದ ಮೈಸೂರಿನಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಮೋಟಾರು ಸೈಕಲ್ಲುಗಳನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಅವುಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಬೇರೊಂದು ಸಂಸ್ಥೆಯು ಇದೇ ಹೆಸರಿನಲ್ಲಿ ಹೊಸ ಯಂತ್ರಗಳನ್ನು ಹೊರತಂದಿತಾದರೂ ಅವುಗಳ ಎಂಜಿನ್ನಿನ ರಚನೆಯೇ ಬೇರೆ. ಆದುದರಿಂದ ಹಳೆಯ ಯೆಜ್ಡಿ ಎಷ್ಟೇ ಹೊಸದೆನಿಸಿದರೂ ಅದರ ವಯಸ್ಸು ಇಪ್ಪತ್ತೈದು ವರ್ಷಕ್ಕೆ ಮೇಲ್ಪಟ್ಟಿದೆಯೆಂದೇ ತಿಳಿಯಬೇಕು.

ಎಂಜಿನ್ನು ಕೆಲಸ ಮಾಡುವ ಬಗೆ

ಹಳೆಯ ಜಾವಾ ಎಂಜಿನ್ನಿನ ಸಿಲಿಂಡರಿನ ಒಳವ್ಯಾಸ 65 ಮಿ.ಮೀ.; ಅದರೊಳಗೆ ಪಿಸ್ಟನ್ನು ಚಲಿಸುವ ಅಂತರ 75 ಮಿ.ಮೀ. ಇದು ಎರಡು ಹೊಡೆತದ ಎಂಜಿನ್ನು. ಎಂದರೆ ಅಚ್ಚು ಒಂದು ಸುತ್ತು ತಿರುಗಿದಾಗಲೆಲ್ಲ ಒಮ್ಮೆ ಕಿಡಿ ಹಾರುತ್ತದೆ. ನಿಮಿಷಕ್ಕೆ 4,000 ಸುತ್ತಿನಂತೆ ನಾಲ್ಕು ಗಂಟೆ ಓಡಿಸಿದರೆ ಹಾರುವ ಕಿಡಿಗಳು 9,60,000! ಅಷ್ಟು ಹೊತ್ತಿನಲ್ಲಿ ಪಿಸ್ಟನ್ನು ಆ 75 ಮಿ.ಮೀ. ಓಣಿಯಲ್ಲೇ ಹಿಂದೆ ಮುಂದೆ ಓಡಾಡಿ 144 ಕಿ.ಮೀ. ದೂರ ಸಾಗಿರುತ್ತದೆ. ಓದುವವರು ತಾವೇ ಲೆಕ್ಕ ಹಾಕಿ ನೋಡಬಹುದು.

ಇಷ್ಟು ಓಡಾಟಕ್ಕೆ ಜಿಡ್ಡು ಒದಗುವುದೆಲ್ಲಿಂದ? ಪಿಸ್ಟನ್ನಿಗಾಗಿ ಇಲ್ಲಿ ಪ್ರತ್ಯೇಕವಾದ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಅದಕ್ಕೆ ಆಧಾರ. 25 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆಯೆಂದರೆ ಲೀಟರಿಗೆ 40 ಮಿ.ಲೀ. ಈ ಸಣ್ಣ ಲೆಕ್ಕದ ಬೆಲೆಯನ್ನು ನಾವು ಸ್ವಾನುಭವದಿಂದ ಕಲಿತೆವು.

ಒಂದು ಪಾಠ

ಒಂದು ಬೇಸಗೆಯಲ್ಲಿ ಸೇಡಮ್ಮಿನಿಂದ ಚಿಂಚೋಳಿಯ ಕಡೆಗೆ ಹೊರಟಿದ್ದೆವು. ದಾರಿಯಲ್ಲಿ ಪೆಟ್ರೋಲು ತುಂಬಿಸಿ, ಮಾತಿನ ಭರದಲ್ಲಿ ಎಣ್ಣೆ ಹಾಕುವುದನ್ನೇ ಮರೆತೆವು. ಕೆಲವು ಮೈಲಿಗಳಾದ ಮೇಲೆ ಎಂಜಿನ್ನಿನ ದನಿ ಬಿಗಿಯಿತು. ಮರುಕ್ಷಣವೇ ಹಿಂಬದಿಯ ಚಕ್ರ ತಿರುಗದೆ ಜಾರತೊಡಗಿತು. ಬೆರಳುಗಳು ಕ್ಲಚ್ಚಿನ ಮೇಲೆಯೇ ಇದ್ದುದರಿಂದ ಅದನ್ನು ಥಟ್ಟನೆ ಹಿಡಿದೆವು. ಚಕ್ರ ಬಿಡುಗಡೆಯಾಯಿತು; ಬೀಳದೆ ಉಳಿದೆವು.

ತೊಗರಿ ಹೊಲದ ಬದುವಿನಿಂದ ರೈತರೊಬ್ಬರು ಕೊಡ ಹಿಡಿದು ಬಂದು, “ಎಂಜಿನ್ನಿಗಿ ನೀರು ಹಾಕ್ಲೇನ್ರಿ? ಭಾಳ ಬಿಸಿ ಆಗ್ಯಾದ” ಎಂದರು. “ಬ್ಯಾಡ್ರಿ, ಅದು ಬಿರಿತದ. ನಮಗ ಕುಡೀಲಿಕ್ಕ ಕೊಡ್ರಿ” ಎಂದೆವು. ಕಾದ ಬೀಡುಕಬ್ಬಿಣಕ್ಕೆ ತಣ್ಣೀರು ಸೋಕಿದರೆ ಹೊರಮೈ ಥಟ್ಟನೆ ಕುಗ್ಗಿ ಬಿರುಕು ಬಿಡಬಹುದು. ನೆರಳಿನಲ್ಲಿ ತಾನಾಗಿ ಆರಲು ಬಿಡುವುದೇ ಮದ್ದು.

ಆದುದೇನು? ಸಿಲಿಂಡರು ಬೀಡುಕಬ್ಬಿಣದ್ದು, ಪಿಸ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದ್ದು. ಕಾದಾಗ ಎರಡನೆಯದು ಮೊದಲನೆಯದರ ಸುಮಾರು ಇಮ್ಮಡಿ ಹಿಗ್ಗುತ್ತದೆ. 65 ಮಿ.ಮೀ. ವ್ಯಾಸದ ಪಿಸ್ಟನ್ನು 150 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ, ಅಷ್ಟೇ ಕಾದ ಸಿಲಿಂಡರು ಹಿಗ್ಗುವುದು ಸುಮಾರು 0.1 ಮಿ.ಮೀ. ಮಾತ್ರ. ವಾಸ್ತವವಾಗಿ ಸಿಲಿಂಡರು ಗಾಳಿಗೆ ಮೈಯೊಡ್ಡಿ ಇನ್ನೂ ತಣ್ಣಗಿರುತ್ತದೆ. ನಡುವಿನ ಕೂದಲೆಳೆಯಷ್ಟು ಜಾಗ ಮುಚ್ಚಿಹೋಗಿ, ಜಿಡ್ಡೂ ಇಲ್ಲವಾದಾಗ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಬೇಸಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಎಂಜಿನ್ನು ತನ್ನ ಶಾಖವನ್ನು ಬಿಟ್ಟುಕೊಡುವುದೂ ನಿಧಾನ.

ಕೊಳ್ಳುವಾಗ ನೋಡತಕ್ಕದ್ದು

ಮೊದಲು ಕಾಗದ, ಆಮೇಲೆ ಕಬ್ಬಿಣ. ಚೌಕಟ್ಟಿನ ಮೇಲೂ ಎಂಜಿನ್ನಿನ ಮೇಲೂ ಕೊರೆದ ಸಂಖ್ಯೆಗಳು ನೋಂದಣಿ ಪತ್ರದೊಡನೆ ತಾಳೆಯಾಗಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಗಳದು. ಅನಂತರ ಐದೈದು ವರ್ಷಕ್ಕೆ ನವೀಕರಿಸಬೇಕು. ಕಾಗದವಿಲ್ಲದ ಯಂತ್ರ ಎಷ್ಟು ಅಗ್ಗವಾದರೂ ದುಬಾರಿಯೇ.

ಬಳಿಕ ತಣ್ಣಗಿರುವ ಎಂಜಿನ್ನನ್ನೇ ಒದ್ದು ಚಾಲೂ ಮಾಡಿಸಿರಿ. ಮಾರುವವನು ಮೊದಲೇ ಕಾಯಿಸಿಟ್ಟಿದ್ದರೆ ಅನುಮಾನಪಡಿರಿ. ಒದೆಗೋಲು ಗಟ್ಟಿಯಾಗಿ ಎದುರೊತ್ತಬೇಕು. ಸಡಿಲವಾಗಿ ಜಾರಿದರೆ ಪಿಸ್ಟನ್ ಉಂಗುರಗಳೋ ಸಿಲಿಂಡರೋ ಸವೆದಿವೆ. ಸವೆದ ಸಿಲಿಂಡರನ್ನು ಕೊರೆಸಿ ದೊಡ್ಡ ಅಳತೆಯ ಪಿಸ್ಟನ್ನು ಹಾಕಬಹುದು. ಆದರೆ ಇದಕ್ಕೊಂದು ಮಿತಿಯುಂಟು. ಈವರೆಗೆ ಎಷ್ಟು ಸಲ ಕೊರೆಸಿದ್ದಾರೆಂದು ಕೇಳಿ ತಿಳಿಯಿರಿ.

ಅಚ್ಚಿನ ಎರಡು ತುದಿಗಳ ರಬ್ಬರು ಸೀಲುಗಳು ಕಣ್ಣಿಗೆ ಬೀಳವು, ಆದರೆ ಬಹು ಮುಖ್ಯ. ಕ್ಲಚ್ಚಿನ ಕಡೆಯ ಸೀಲು ಹರಿದರೆ ಗೇರಿನ ಎಣ್ಣೆ ಒಳಕ್ಕೆ ಸೆಳೆಯಲ್ಪಟ್ಟು ಬಿಳಿಯ ದಟ್ಟ ಹೊಗೆ ನಿಲ್ಲದೆ ಬರುತ್ತದೆ. ಮತ್ತೊಂದು ಕಡೆಯದು ಹರಿದರೆ ಹೊರಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ನು ತಾನಾಗಿ ವೇಗ ಹೆಚ್ಚಿಸಿಕೊಂಡು ಅತಿಯಾಗಿ ಕಾಯುತ್ತದೆ. ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಈ ಸೀಲುಗಳು ಒಣಗಿ ಗಡುಸಾಗಿರುವುದೇ ಹೆಚ್ಚು. ಆದುದರಿಂದ ಎರಡನ್ನೂ ಬದಲಿಸುವ ಖರ್ಚನ್ನು ಬೆಲೆಯೊಡನೆ ಕೂಡಿಸಿಯೇ ಚೌಕಾಸಿ ಮಾಡಿರಿ.

ಟೈರಿನ ಹಲ್ಲು ಚೆನ್ನಾಗಿದ್ದರೂ ಪಕ್ಕದಲ್ಲಿ ಸೀಳುಗಳಿದ್ದರೆ ಅದು ಮುದಿಯಾಗಿದೆ. ಚೈನಿನ ಗಾಲಿಯ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನನ್ನೂ ಗಾಲಿಗಳನ್ನೂ ಒಟ್ಟಿಗೆ ಬದಲಿಸಬೇಕು. ಚಕ್ರವನ್ನು ಹಿಡಿದು ಅಡ್ಡಡ್ಡಲಾಗಿ ಅಲುಗಿಸಿ ನೋಡಿದರೆ ಬೇರಿಂಗಿನ ಸ್ಥಿತಿ ತಿಳಿಯುತ್ತದೆ.

ಸೇವೆಯ ಕ್ರಮ

ವಾಡಿ, ಶಹಾಬಾದ್ ಸುತ್ತಿನ ಸುಣ್ಣಕಲ್ಲಿನ ಮತ್ತು ಸಿಮೆಂಟಿನ ಧೂಳು ಸಿಲಿಂಡರಿಗೆ ಉಜ್ಜುಕಾಗದವಿದ್ದಂತೆ. ಗಾಳಿಸೋಸುಕವನ್ನು ಈ ಸೀಮೆಯಲ್ಲಿ ಕೈಪಿಡಿ ಹೇಳಿದುದಕ್ಕಿಂತ ಬೇಗನೆ ಶುಚಿಮಾಡುವುದು ಲೇಸು.

ಎಣ್ಣೆ ಉರಿದು ಉಳಿದ ಮಸಿಯು ಹೊಗೆ ಹೊರಡುವ ಕಿಂಡಿಯಲ್ಲೂ ಸೈಲೆನ್ಸರಿನೊಳಗಿನ ತೂತುಕೊಳವೆಯಲ್ಲೂ ಕಟ್ಟಿಕೊಂಡು ಎಂಜಿನ್ನಿಗೆ ಉಸಿರು ಕಟ್ಟಿಸುತ್ತದೆ. ಕೊಳವೆಯನ್ನು ಕಳಚಿ ಶುಚಿಮಾಡಬಹುದು. ಪಿಸ್ಟನ್ನಿನ ತಲೆಯ ಮಸಿಯನ್ನು ಮರದ ಚಕ್ಕೆಯಿಂದ ಕೆರೆಯಿರಿ. ಉಕ್ಕಿನ ಉಪಕರಣ ಮೆದುವಾದ ಲೋಹವನ್ನು ಗೀರುತ್ತದೆ.

ಸ್ಪಾರ್ಕ್ ಪ್ಲಗ್ಗು ಎಂಜಿನ್ನಿನ ನಾಲಿಗೆಯಿದ್ದಂತೆ. ಅದರ ತುದಿ ತಿಳಿಕಂದು ಬಣ್ಣವಾಗಿದ್ದರೆ ಆರೋಗ್ಯ; ಒದ್ದೆಯಾಗಿ ಕಪ್ಪಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಅತಿಯಾಗಿದೆ; ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ನು ಅತಿಯಾಗಿ ಕಾದಿದೆ. ಕಿಡಿಯ ಕಾಲವನ್ನು ನಿಯಂತ್ರಿಸುವ ಪಾಯಿಂಟುಗಳು ನಾಲ್ಕು ಗಂಟೆಗೆ ಒಂಬತ್ತೂವರೆ ಲಕ್ಷ ಸಲ ತೆರೆದು ಮುಚ್ಚುವುದರಿಂದ ಸವೆಯದೆ ಇರವು. ದೂರ ಹೊರಡುವ ಮುನ್ನ ಅವುಗಳ ಸಂದನ್ನು ಅಳೆದು ಸರಿಪಡಿಸಬೇಕು.

ಇನ್ನೊಂದು ಹೊಸ ಸಂಗತಿ. ಇಂದಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲು ಬೆರೆತಿರುತ್ತದೆ. ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಕಾರ್ಬುರೇಟರಿನ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರು ಕೊಳವೆಗಳು ಬೇಗ ಹಾಳಾಗುತ್ತವೆ. ಅದು ತೇವವನ್ನೂ ಹೀರುತ್ತದೆ. ಕೊಳವೆಗಳನ್ನು ಹೊಸತಾಗಿಸಿ, ಪ್ಲಗ್ಗಿನ ಬಣ್ಣ ನೋಡಿ ಕಾರ್ಬುರೇಟರನ್ನು ಸರಿಪಡಿಸಿಕೊಳ್ಳಿರಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ತೊಟ್ಟಿಯಲ್ಲಿ ಹಳೆಯ ಪೆಟ್ರೋಲನ್ನು ಬಿಡಬೇಡಿರಿ.

ದೂರದ ದಾರಿಯಲ್ಲಿ

ಮೊದಲು ನೂರು ಕಿಲೋಮೀಟರಿನೊಳಗಿನ ಪ್ರಯಾಣಗಳನ್ನು ಮಾಡಿ ಯಂತ್ರದ ಗುಣ ತಿಳಿಯಿರಿ. ಹೊಸ ಪಿಸ್ಟನ್ನು ಹಾಕಿದ್ದರೆ ಅದು ಹೊಂದಿಕೊಳ್ಳುವವರೆಗೆ ಮೆಲ್ಲಗೆ ಓಡಿಸಿರಿ. ಒಂದೆರಡು ಪ್ಲಗ್ಗು, ಕ್ಲಚ್ ತಂತಿ, ಚೈನಿನ ಕೊಂಡಿ, ಟ್ಯೂಬು, ಗೆರೆ ಹಾಕಿದ ಎಣ್ಣೆಯ ಸೀಸೆ ಜೊತೆಗಿರಲಿ. ಉದ್ದನೆಯ ಇಳಿಜಾರಿನಲ್ಲಿ ವೇಗದ ಹಿಡಿಯನ್ನು ಪೂರ್ತಿ ಮುಚ್ಚಿಕೊಂಡೇ ಇಳಿದರೆ ಪೆಟ್ರೋಲಿನೊಡನೆ ಎಣ್ಣೆಯೂ ನಿಂತುಹೋಗುತ್ತದೆ. ಆದ್ದರಿಂದ ಆಗಾಗ ಸ್ವಲ್ಪ ತೆರೆಯುತ್ತಿರಬೇಕು. ಹದಿನೆಂಟು ತುಂಬಿ ಪರವಾನಗಿ ಪಡೆಯದೆ, ತಲೆಗೆ ಹೆಲ್ಮೆಟ್ಟು ಧರಿಸದೆ, ಬ್ರೇಕನ್ನು ಪರೀಕ್ಷಿಸದೆ ಹೊರಡತಕ್ಕದ್ದಲ್ಲ.

ನಮ್ಮ ಕಚ್ಚಿದ ಎಂಜಿನ್ನು ಆ ಸಂಜೆ ಆರಿ ಸಡಿಲವಾಯಿತು. ಎಣ್ಣೆ ಬೆರೆಸಿ ಮೆಲ್ಲಗೆ ಊರು ಸೇರಿದೆವು. ಆದರೆ ಗೀರುಬಿದ್ದ ಸಿಲಿಂಡರನ್ನು ಕೊರೆಸಲೇಬೇಕಾಯಿತು. ಲೀಟರಿಗೆ 40 ಮಿ.ಲೀ. ಮರೆತುದಕ್ಕೆ ತೆತ್ತ ಬೆಲೆ ಅದು. ಅಂದಿನಿಂದ ಪೆಟ್ರೋಲು ತೊಟ್ಟಿಯ ಮುಚ್ಚಳಕ್ಕೆ ಒಂದು ಕೆಂಪು ದಾರ ಕಟ್ಟಿದ್ದೇವೆ. ಮುಚ್ಚಳ ತೆರೆಯುವಾಗಲೆಲ್ಲ ಅದು ಎಣ್ಣೆಯನ್ನು ನೆನಪಿಸುತ್ತದೆ.