ಹುಲಿ ರೂಪಾಯಿ, ಅಮೆರಿಕದ ನಿಕಲ್ ಮತ್ತು ಒಂದು ಅಯಸ್ಕಾಂತ

ಕೊಣನೂರು, ರಾಮನಾಥಪುರದ ಕಡೆಯ ಹಳೇ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ಇಡುವ ನಾಣ್ಯಗಳ ನಡುವೆ ಹುಲಿ ರೂಪಾಯಿಯೊಂದು ಸಿಕ್ಕರೂ ಸಿಗಬಹುದು. ಒಂದು ಕಡೆ ಆರನೇ ಜಾರ್ಜ್ ದೊರೆಯ ಮುಖ, ಇನ್ನೊಂದು ಕಡೆ ಹೆಜ್ಜೆ ಹಾಕುತ್ತಿರುವ ಹುಲಿ, ಅದರಡಿ 1947. ಬೆಳ್ಳಗಿದೆ, ಹಳೆಯದು, ಹಾಗಾಗಿ ಬೆಳ್ಳಿ ಎಂದೇ ನಂಬಿ ಜೋಪಾನ ಮಾಡಿರುತ್ತಾರೆ. ಅದಕ್ಕೆ ಅಯಸ್ಕಾಂತ ಹಿಡಿದು ನೋಡಿ. ಟಪ್ಪನೆ ಅಂಟಿಕೊಳ್ಳುತ್ತದೆ. ಬೆಳ್ಳಿಗೆ ಆ ಗುಣವಿಲ್ಲ. ಇದು ಅಪ್ಪಟ ನಿಕಲ್.

ಅಮೆರಿಕದಿಂದ ರಜೆಗೆ ಬಂದ ಮಕ್ಕಳು ತರುವ ಐದು ಸೆಂಟಿನ ನಾಣ್ಯಕ್ಕೆ ಅಲ್ಲಿನವರು ಕರೆಯುವ ಹೆಸರೇ ನಿಕಲ್. ಆದರೆ ಅದು ಅಯಸ್ಕಾಂತಕ್ಕೆ ಜಪ್ಪಯ್ಯ ಎಂದರೂ ಅಂಟದು. ಯುದ್ಧಕಾಲದ ಕೆಲವು ವರ್ಷ ಬಿಟ್ಟರೆ 1866ರಿಂದಲೂ ಅದರಲ್ಲಿ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲಷ್ಟೇ ನಿಕಲ್. ಶುದ್ಧ ನಿಕಲ್‌ನಲ್ಲಿ ಪ್ರತಿ ಪರಮಾಣುವೂ ಪುಟ್ಟ ಅಯಸ್ಕಾಂತ. ಅಕ್ಕಪಕ್ಕದವೆಲ್ಲ ಒಂದೇ ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ತಾಮ್ರ ಇಷ್ಟೊಂದು ಬೆರೆತಾಗ ಆ ಒಗ್ಗಟ್ಟು ಮುರಿಯುತ್ತದೆ. ನಮ್ಮ 1907ರ ಅಂಚು ಬಳುಕಿದ ಒಂದಾಣೆಯೂ ತಾಮ್ರ-ನಿಕಲ್ ಬೆರಕೆಯೇ, ಅದೂ ಅಂಟುವುದಿಲ್ಲ.

ನಮ್ಮ ರೂಪಾಯಿಯನ್ನೂ ಅಮೆರಿಕದ ನಿಕಲ್ಲನ್ನೂ ಒಂದೇ ಯುದ್ಧ ಎದುರುಬದುರು ದಿಕ್ಕಿಗೆ ತಳ್ಳಿತು. ಎರಡನೇ ಮಹಾಯುದ್ಧದಲ್ಲಿ ಉಕ್ಕಿನ ಕವಚಗಳಿಗೆ ನಿಕಲ್ ಬೇಕಾಗಿ, ಅಮೆರಿಕ 1942ರಿಂದ 1945ರವರೆಗೆ ತನ್ನ ‘ನಿಕಲ್’ನಿಂದ ನಿಕಲ್ಲನ್ನೇ ತೆಗೆದು ಶೇ. 35 ಬೆಳ್ಳಿ ಸೇರಿಸಿತು. ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ದೊಡ್ಡ ಅಕ್ಷರವಿದ್ದರೆ ಅದು ಆ ಕಾಲದ್ದು. ಇಂಡಿಯಾದಲ್ಲಿ ಬೆಳ್ಳಿಗೇ ಬರ. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು, ಅಮೆರಿಕದಿಂದ ಬೆಳ್ಳಿ ಸಾಲ ತರಬೇಕಾಯಿತು. ಕೊನೆಗೆ 1946ರಲ್ಲಿ ಅರ್ಧ, ಕಾಲು ರೂಪಾಯಿಗಳು, ಮರುವರ್ಷ ರೂಪಾಯಿಯೂ ನಿಕಲ್ ಆದವು. ನಮ್ಮ ಹುಲಿ ರೂಪಾಯಿ ಹುಟ್ಟಿದ್ದು ಹೀಗೆ.

ಹಾಗಾದರೆ ಬೆಲೆ? ಹಳೆಯದು ಎಂದಮಾತ್ರಕ್ಕೆ ಬೆಲೆ ಬಾರದು. ಎಷ್ಟು ಅಚ್ಚಾಯಿತು, ಎಲ್ಲಿ ಅಚ್ಚಾಯಿತು, ಎಷ್ಟು ಸವೆದಿದೆ, ಇವೇ ಮುಖ್ಯ. ಹುಲಿ ರೂಪಾಯಿಯಲ್ಲಿ ಇಸವಿಯ ಕೆಳಗೆ ವಜ್ರಾಕಾರದ ಚುಕ್ಕೆಯಿದ್ದರೆ ಬೊಂಬಾಯಿ ಟಂಕಸಾಲೆಯದು, ಇಲ್ಲದಿದ್ದರೆ ಲಾಹೋರಿನದು. ಎರಡೂ ಕೋಟಿಗಟ್ಟಲೆ ಬಂದವು, ಆದ್ದರಿಂದ ಲಕ್ಷದ ಕನಸು ಬೇಡ. ಅಮೆರಿಕದ 1913ರ ಲಿಬರ್ಟಿ ನಿಕಲ್ ಕೋಟಿಗಟ್ಟಲೆ ಬಾಳುವುದು ಜಗತ್ತಿನಲ್ಲಿ ಗೊತ್ತಿರುವುದು ಐದೇ ಎಂಬುದಕ್ಕೆ. 1937ರಲ್ಲಿ ಡೆನ್ವರ್‌ನ ಟಂಕಸಾಲೆಯಲ್ಲಿ ಅಚ್ಚನ್ನು ಅತಿಯಾಗಿ ಉಜ್ಜಿ, ಆಗಿನ ನಿಕಲ್ ಮೇಲಿದ್ದ ಕಾಡೆಮ್ಮೆಯ ಮುಂಗಾಲೊಂದು ಅಳಿಸಿಹೋಯಿತು. ಮೂರು ಕಾಲಿನ ಆ ನಾಣ್ಯಕ್ಕೂ ಸಂಗ್ರಾಹಕರು ಮುಗಿಬೀಳುತ್ತಾರೆ.

ಅಚ್ಚನ್ನು ಉಜ್ಜಿದಾಗ ಬೆಲೆ ಏರಿತು ನಿಜ, ನಾಣ್ಯವನ್ನು ಉಜ್ಜಿದರೆ ಮಾತ್ರ ಇಳಿಯುತ್ತದೆ. ಹಬ್ಬ ಬಂತೆಂದು ಪೂಜಾ ಪಾತ್ರೆಗಳ ಜೊತೆ ನಾಣ್ಯವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇವಲ್ಲ, ದಯವಿಟ್ಟು ಅದನ್ನು ಬಿಡಿ. ಅಚ್ಚಿನ ಒತ್ತಡಕ್ಕೆ ಲೋಹ ಹರಿದು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡಿರುತ್ತವೆ, ಹೊಸ ನಾಣ್ಯದ ಹೊಳಪು ಅವುಗಳದ್ದೇ. ಹುಣಸೆಯ ಆಮ್ಲ ಮೇಲ್ಪದರವನ್ನು ಕರಗಿಸುತ್ತದೆ, ನಾರು ಗೀರು ಹಾಕುತ್ತದೆ. ಹೋದ ಗೆರೆ ಮತ್ತೆ ಬರುವುದಿಲ್ಲ.

ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಇಂಥ ವ್ಯವಹಾರ ತನ್ನದಲ್ಲವೆಂದು ಬ್ಯಾಂಕು 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.